ಎಣ್ಣೆ ಕಲೆತ ನೀರು ಮತ್ತು ಚಿಪ್ಪುಮೀನಿನ ಆರೋಗ್ಯ

(ಕರಾವಳಿಯ ಮೀನುಗಾರರು ಹಾಗೂ ಚಿಪ್ಪುಮೀನು ಕೃಷಿಕರಿಗಾಗಿ ನೀಡಿದ ಭಾಷಣದ ಪಾಠ)



ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳ ಅಳಿವೆಗಳಲ್ಲಿ ನೀರು ಇಳಿಯುವ ಹೊತ್ತಿಗೆ ಬುಟ್ಟಿ ಹಿಡಿದು ಕೆಸರಿಗೆ ಇಳಿಯುವ ಕುಟುಂಬಗಳಿಗೆ ಆ ಕೆಸರೇ ಗದ್ದೆ, ಚಿಪ್ಪುಮೀನೇ ಬೆಳೆ. ಮಂಗಳೂರು, ಉಡುಪಿ ಕಡೆಗೆ ಮರುವಾಯಿ, ಕುಮಟಾದ ಕಡೆಗೆ ಬಳಚು, ಕಾರವಾರದ ಕಡೆಗೆ ಖುಬೆ ಎಂದು ಅದನ್ನು ಕರೆಯುವುದು ವಾಡಿಕೆ. ಬಂಡೆಗೆ ಕಚ್ಚಿಕೊಂಡು ಬೆಳೆಯುವ ಪಚ್ಚಿಲೆ ಅಥವಾ ನೀಲಿಕಲ್ಲು, ಕಲ್ಲಿಗೆ ಅಂಟಿಯೇ ಬದುಕುವ ಕಲ್ವ ಇವೂ ಇದೇ ಬಳಗಕ್ಕೆ ಸೇರಿದವು. ಮಾಂಸ ಊಟಕ್ಕೆ, ಚಿಪ್ಪು ಸುಣ್ಣಕ್ಕೆ, ಯಾವುದೂ ವ್ಯರ್ಥವಿಲ್ಲ. ಇತ್ತೀಚಿನ ದಶಕಗಳಲ್ಲಿ ಹಗ್ಗಕ್ಕೆ ಪಚ್ಚಿಲೆ ಮರಿ ಕಟ್ಟಿ ಅಳಿವೆಯಲ್ಲಿ ಬೆಳೆಸುವ ಕೃಷಿಯೂ ಬಳಕೆಗೆ ಬಂದಿದೆ.

ಭತ್ತಕ್ಕೆ ಬೆಂಕಿರೋಗ ಬಂದರೆ ಎಲೆಯ ಮೇಲೆ ಚುಕ್ಕೆ ಕಾಣುತ್ತದೆ. ಚಿಪ್ಪುಮೀನಿಗೆ ಎಣ್ಣೆಯ ದೋಷ ತಗುಲಿದರೆ ಹೊರಗಿನಿಂದ ಏನೂ ಕಾಣದು. ಚಿಪ್ಪು ಮುಚ್ಚಿಕೊಂಡೇ ಇರುತ್ತದೆ, ಜೀವವೂ ಇರುತ್ತದೆ. ಆದ್ದರಿಂದ ಎರಡು ಸಂಗತಿಗಳನ್ನು ಮೊದಲೇ ಮನದಟ್ಟು ಮಾಡಿಕೊಳ್ಳುವುದು ಒಳಿತು. ಚಿಪ್ಪುಮೀನು ಬದುಕಿದೆ ಎಂದ ಮಾತ್ರಕ್ಕೆ ಅದು ಆರೋಗ್ಯವಾಗಿದೆ ಎಂದಲ್ಲ. ನೀರು ತಿಳಿಯಾಯಿತು ಎಂದ ಮಾತ್ರಕ್ಕೆ ಕೆಸರು ಶುದ್ಧವಾಯಿತು ಎಂದಲ್ಲ.

ಓಡಿಹೋಗಲಾರದ ಜೀವಿ

ನೀರು ಕೆಟ್ಟರೆ ಮೀನು ಈಜಿ ದೂರ ಹೋಗಬಲ್ಲದು. ಸಿಗಡಿ, ಏಡಿಗಳು ತಕ್ಕಮಟ್ಟಿಗೆ ಜಾಗ ಬದಲಾಯಿಸಬಲ್ಲವು. ಎರಡು ಚಿಪ್ಪಿನ ಜೀವಿಗಳಿಗೆ ಆ ಅನುಕೂಲವಿಲ್ಲ. ಮರುವಾಯಿ ಕೆಸರಿನಲ್ಲಿ ಹೂತುಕೊಂಡಿರುತ್ತದೆ. ಪಚ್ಚಿಲೆ ತನ್ನ ನಾರುಗಳಿಂದ ಬಂಡೆಗೆ ಬಿಗಿದುಕೊಂಡಿರುತ್ತದೆ. ಕಲ್ವವಂತೂ ಒಮ್ಮೆ ಅಂಟಿದ ಕಲ್ಲನ್ನು ಬಿಟ್ಟು ಹೋಗುವುದೇ ಇಲ್ಲ. ಊಟ ಹುಡುಕಿಕೊಂಡು ಹೋಗಲಾರದ ಈ ಜೀವಿಗಳು ನೀರನ್ನೇ ತಮ್ಮೊಳಗೆ ಎಳೆದು, ಕಿವಿರುಗಳಲ್ಲಿ ಸೋಸಿ, ಅದರಲ್ಲಿನ ಸೂಕ್ಷ್ಮ ಸಸ್ಯಕಣಗಳನ್ನು ತಿನ್ನುತ್ತವೆ. ಚೆನ್ನಾಗಿ ಬೆಳೆದ ಪಚ್ಚಿಲೆಯೊಂದು ಗಂಟೆಗೆ ಒಂದೆರಡು ಲೀಟರ್ ನೀರನ್ನು ಹೀಗೆ ಸೋಸಬಲ್ಲದು. ಹಗಲು ರಾತ್ರಿ ನಡೆಯುವ ಈ ಕೆಲಸದಿಂದ ಅಳಿವೆಯ ನೀರು ತಿಳಿಯಾಗುತ್ತದೆ. ಆದರೆ ನೀರಿನಲ್ಲಿ ಎಣ್ಣೆಯಿದ್ದರೆ ಅದೂ ಕಿವಿರಿಗೆ ಬರುತ್ತದೆ.

ಎಣ್ಣೆ ಕೊಬ್ಬಿನಲ್ಲಿ ಕರಗುವ ವಸ್ತು. ಆದ್ದರಿಂದ ಅದು ನೀರಿನಿಂದ ಜೀವಿಯ ಕೊಬ್ಬಿಗೆ ಸುಲಭವಾಗಿ ಸೇರಿಕೊಳ್ಳುತ್ತದೆ. ಮೀನಿನ ಪಿತ್ತಜನಕಾಂಗ ಇಂತಹ ವಿಷವಸ್ತುಗಳನ್ನು ಬಹುಬೇಗ ಒಡೆದು ಹೊರಹಾಕುತ್ತದೆ. ಸಿಗಡಿ, ಏಡಿಗಳಿಗೆ ಈ ಶಕ್ತಿ ಮೀನಿಗಿಂತ ಕಡಿಮೆ. ಎರಡು ಚಿಪ್ಪಿನ ಜೀವಿಗಳಿಗೆ ಅದಕ್ಕಿಂತಲೂ ಕಡಿಮೆ. ಒಳಗೆ ಬರುವ ವೇಗ ಹೆಚ್ಚು, ಹೊರಗೆ ಹೋಗುವ ವೇಗ ಕಡಿಮೆ ಆದ್ದರಿಂದ ಎಣ್ಣೆಯ ಅಂಶ ಸುತ್ತಲಿನ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ ಮಾಂಸದಲ್ಲಿ ಶೇಖರವಾಗುತ್ತದೆ. ಈ ಗುಣವನ್ನೇ ಉಪಯೋಗಿಸಿಕೊಂಡು ಸಮುದ್ರದ ಮಾಲಿನ್ಯ ಅಳೆಯಬಹುದೆಂದು ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಸೂಚಿಸಿದರು. ಇಂದು ಹಲವು ದೇಶಗಳಲ್ಲಿ ಪಚ್ಚಿಲೆಯ ಮಾಂಸವನ್ನು ಪರೀಕ್ಷಿಸಿಯೇ ಕಡಲಿನ ನೀರಿನ ಗುಣ ತಿಳಿಯುತ್ತಾರೆ.

ಎಣ್ಣೆಯಲ್ಲಿ ಎರಡು ಬಗೆ

ಎಲ್ಲ ಎಣ್ಣೆಯ ಗುಣವೂ ಒಂದೇ ಅಲ್ಲ. ಡೀಸೆಲ್, ಸೀಮೆಎಣ್ಣೆಯಂತಹ ತೆಳು ಎಣ್ಣೆಗಳು ಬೇಗ ಹರಡಿ ಬೇಗ ಆರುತ್ತವೆ. ಆದರೆ ಅವುಗಳಲ್ಲಿ ನೀರಿಗೆ ಕರಗುವ ವಿಷಾಂಶ ಹೆಚ್ಚು. ಅದು ತಗುಲಿದ ಚಿಪ್ಪುಮೀನು ಮಂಪರು ಬಂದಂತಾಗಿ, ಚಿಪ್ಪು ಮುಚ್ಚುವ ಶಕ್ತಿಯನ್ನೇ ಕಳೆದುಕೊಂಡು ಬಾಯಿ ತೆರೆದು ಬೀಳುತ್ತದೆ. ಹಡಗಿನ ಇಂಜಿನ್ನಿಗೆ ಹಾಕುವ ಫರ್ನೇಸ್ ಎಣ್ಣೆ ದಪ್ಪನೆಯದು. ಅದು ತಕ್ಷಣ ವಿಷವೇರಿಸುವುದು ಕಡಿಮೆ. ಬಂಡೆಯನ್ನೂ ಚಿಪ್ಪನ್ನೂ ಟಾರಿನಂತೆ ಮೆತ್ತಿಕೊಂಡು ಉಸಿರು ಕಟ್ಟಿಸುತ್ತದೆ, ಕೆಸರಿನಲ್ಲಿ ಬಹುಕಾಲ ಉಳಿಯುತ್ತದೆ. ದೋಣಿಯವರು ಇಂಜಿನ್ನಿನಿಂದ ತೆಗೆಯುವ ಸುಟ್ಟ ಎಣ್ಣೆಯಲ್ಲಿ, ಉರಿಯುವಾಗ ಹುಟ್ಟುವ ಕ್ಯಾನ್ಸರ್‌ಕಾರಕ ವಸ್ತುಗಳೂ ಲೋಹದ ಕಣಗಳೂ ಬೆರೆತಿರುತ್ತವೆ.

ಒಂದು ಲೀಟರ್ ಎಣ್ಣೆ ಎಷ್ಟು ನೀರನ್ನು ಮುಚ್ಚುತ್ತದೆ ಎಂಬುದಕ್ಕೆ ಲೆಕ್ಕವಿದೆ. ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಕಾಣಲು ಎಣ್ಣೆಯ ಪೊರೆ ಒಂದು ಮಿಲಿಮೀಟರಿನ ಹತ್ತು ಸಾವಿರದ ಮೂರು ಭಾಗದಷ್ಟು ದಪ್ಪವಿದ್ದರೆ ಸಾಕು. ಈ ದಪ್ಪದಲ್ಲಿ ಒಂದು ಲೀಟರ್ ಎಣ್ಣೆ ಸುಮಾರು 3,300 ಚದರ ಮೀಟರ್, ಅಂದರೆ 33 ಗುಂಟೆಯಷ್ಟು ನೀರಿನ ಮೇಲೆ ಹಬ್ಬಬಲ್ಲದು. ಡಬ್ಬಿಯಲ್ಲಿ ಉಳಿದ ಒಂದಿಷ್ಟನ್ನು ಚೆಲ್ಲಿದರೆ ಏನು ಮಹಾ ಎನ್ನುವವರು ಈ ಲೆಕ್ಕವನ್ನು ನೆನಪಿಡಬೇಕು.

ಚಿಪ್ಪಿನೊಳಗೆ ಆಗುವುದೇನು?

ನೀರಿನಲ್ಲಿ ಎಣ್ಣೆಯ ಸುಳಿವು ಸಿಕ್ಕೊಡನೆ ಚಿಪ್ಪುಮೀನು ಚಿಪ್ಪು ಮುಚ್ಚಿಕೊಳ್ಳುತ್ತದೆ. ಇದು ಅದರ ಮೊದಲ ರಕ್ಷಣೆ. ಆದರೆ ಮುಚ್ಚಿದ ಚಿಪ್ಪಿನೊಳಗೆ ಉಸಿರೂ ಇಲ್ಲ, ಊಟವೂ ಇಲ್ಲ. ಕೆಲವು ಗಂಟೆಯೋ ಕೆಲವು ದಿನವೋ ತಡೆದು ಕೊನೆಗೆ ತೆರೆಯಲೇಬೇಕು. ತೆರೆದ ಮೇಲೆ ಕಿವಿರಿನ ಸಣ್ಣ ಎಳೆಗಳ ಚಲನೆ ಎಣ್ಣೆಯಿಂದ ಮಂದವಾಗುತ್ತದೆ. ಸೋಸುವ ನೀರು ಕಡಿಮೆಯಾಗುತ್ತದೆ. ದೊರೆಯುವ ಆಹಾರವೂ ಇಳಿಯುತ್ತದೆ. ಇತ್ತ ವಿಷದೊಡನೆ ಹೋರಾಡುವ ಖರ್ಚು ಏರುತ್ತದೆ.

ಇದನ್ನು ಒಕ್ಕಲುತನದ ಲೆಕ್ಕದಲ್ಲಿ ತಿಳಿಯಬಹುದು. ತಿಂದದ್ದು ಆದಾಯ, ಉಸಿರಾಟ, ವಿಸರ್ಜನೆಗಳು ಖರ್ಚು, ಉಳಿದದ್ದೇ ಬೆಳವಣಿಗೆ ಮತ್ತು ಸಂತಾನ. ಇಂಗ್ಲೆಂಡಿನ ಪ್ಲಿಮತ್‌ನ ವಿಜ್ಞಾನಿಗಳು 1970ರ ದಶಕದಲ್ಲಿ ಈ ಉಳಿತಾಯವನ್ನೇ ಅಳತೆಗೋಲು ಮಾಡಿ ಮಾಲಿನ್ಯದ ಪರಿಣಾಮ ಅಳೆಯತೊಡಗಿದರು. ಎಣ್ಣೆ ಹೆಚ್ಚಿದಂತೆ ಉಳಿತಾಯ ಕರಗುತ್ತದೆ. ಒಂದು ಹಂತದ ನಂತರ ಜೀವಿ ತನ್ನ ಮೈಯನ್ನೇ ತಿಂದು ಬದುಕುತ್ತದೆ. ಚಿಪ್ಪು ದೊಡ್ಡದಿದ್ದು ಒಳಗೆ ಮಾಂಸ ಬಡಕಲಾಗಿ, ನೀರುನೀರಾಗಿ ಇರುವುದಕ್ಕೆ ಇದೂ ಒಂದು ಕಾರಣ.

ಎಣ್ಣೆ ಹೆಚ್ಚಾಗಿ ಕೂಡುವುದು ಜೀರ್ಣಗ್ರಂಥಿಯಲ್ಲಿ. ಅಲ್ಲಿನ ಜೀವಕಣಗಳಲ್ಲಿ ಕಸವನ್ನು ಕೂಡಿಟ್ಟು ಅರಗಿಸುವ ಸೂಕ್ಷ್ಮ ಚೀಲಗಳಿವೆ. ಎಣ್ಣೆಯಿಂದ ಆ ಚೀಲಗಳ ಗೋಡೆ ದುರ್ಬಲವಾಗಿ ಒಳಗಿನ ರಸ ಸೋರಿ, ಜೀವಕಣವೇ ಹಾಳಾಗುತ್ತದೆ. ರೋಗಾಣುಗಳನ್ನು ನುಂಗಿ ಹಾಕುವ ರಕ್ತಕಣಗಳ ಚಟುವಟಿಕೆಯೂ ಕುಗ್ಗುತ್ತದೆ. ಬೇರೆ ಹೊತ್ತಿನಲ್ಲಿ ತಡೆದುಕೊಳ್ಳುತ್ತಿದ್ದ ರೋಗಕ್ಕೆ ಈಗ ತುತ್ತಾಗುತ್ತದೆ. ಬಂಡೆಗೆ ಹಿಡಿದುಕೊಳ್ಳುವ ನಾರು ಕಡಿಮೆಯಾಗಿ, ಅಲೆಗೆ ಸಿಕ್ಕ ಪಚ್ಚಿಲೆ ಕಳಚಿ ಬೀಳುತ್ತದೆ.

ಬೆಳೆದ ಜೀವಿಗಿಂತ ಮೊಟ್ಟೆ, ಮರಿಗಳು ಹೆಚ್ಚು ಸೂಕ್ಷ್ಮ. ಪಚ್ಚಿಲೆ, ಮರುವಾಯಿಗಳು ಮೊಟ್ಟೆಯನ್ನೂ ವೀರ್ಯವನ್ನೂ ನೀರಿಗೇ ಬಿಡುತ್ತವೆ. ಅಲ್ಲೇ ಹುಟ್ಟಿದ ಮರಿಗಳು ಕೆಲವು ವಾರ ತೇಲಾಡಿ, ಅನಂತರ ಜಾಗ ಹಿಡಿದು ನಿಲ್ಲುತ್ತವೆ. ತಾಯಿಗೆ ಏನೂ ಆಗದಷ್ಟು ಎಣ್ಣೆಯೂ ಮರಿಯ ಚಿಪ್ಪನ್ನು ವಿಕಾರಗೊಳಿಸಬಲ್ಲದು. ಈ ವರ್ಷದ ಎಣ್ಣೆಯ ನಷ್ಟ ಮುಂದಿನ ವರ್ಷದ ಬುಟ್ಟಿಯಲ್ಲಿ ಕಾಣುವುದು ಹೀಗೆ.

ವೆಸ್ಟ್ ಫಾಲ್ಮೌತ್ ಕಲಿಸಿದ ಪಾಠ

ಈ ವಿಷಯದಲ್ಲಿ ಬಹುಕಾಲ ಅಧ್ಯಯನ ನಡೆದ ಒಂದು ಪ್ರಸಂಗ ಅಮೆರಿಕದ್ದು. 1969ರ ಸೆಪ್ಟೆಂಬರ್ 16ರಂದು ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ಫಾಲ್ಮೌತ್ ಎಂಬ ಊರಿನ ಬಳಿ 'ಫ್ಲಾರಿಡಾ' ಎಂಬ ಎಣ್ಣೆ ದೋಣಿ ಬಂಡೆಗೆ ತಾಗಿ, ಡೀಸೆಲನ್ನು ಹೋಲುವ ಸುಮಾರು 7 ಲಕ್ಷ ಲೀಟರ್ ಎಣ್ಣೆ ನೀರಿಗೆ ಸೇರಿತು. ದೊಡ್ಡ ಹಡಗುಗಳ ಅಪಘಾತದ ಮುಂದೆ ಇದು ಸಣ್ಣದು. ಆದರೆ ಸಮುದ್ರ ಸಂಶೋಧನೆಗೆ ಹೆಸರಾದ ವುಡ್ಸ್ ಹೋಲ್ ಸಂಸ್ಥೆ ಹತ್ತಿರದಲ್ಲೇ ಇದ್ದುದರಿಂದ, ಮೊದಲ ದಿನಗಳಿಂದಲೇ ವಿಜ್ಞಾನಿಗಳು ಪರೀಕ್ಷೆ ಆರಂಭಿಸಿದರು.

ಕೆಲವೇ ದಿನಗಳಲ್ಲಿ ಮೀನು, ಏಡಿ, ಚಿಪ್ಪುಮೀನುಗಳು ರಾಶಿ ರಾಶಿಯಾಗಿ ಸತ್ತು ದಡಕ್ಕೆ ಬಿದ್ದವು. ನೀರಿನ ಮೇಲಿನ ಎಣ್ಣೆ ಬೇಗನೆ ಮರೆಯಾಯಿತು. ಆಪತ್ತು ಕಳೆಯಿತೆಂದು ತೋರಿತು. ಆದರೆ ಎಣ್ಣೆ ಕೆಸರಿಗೆ ಇಳಿದಿತ್ತು; ಕೆಸರಿನೊಡನೆ ಸುತ್ತಲಿಗೂ ಹರಡಿತು. 1970ರ ಚಿಪ್ಪುಮೀನಿನ ಬೆಳೆಯೂ 1969ರ ಬೆಳೆಯಷ್ಟೇ ಕೆಟ್ಟಿದೆ ಎಂದು ವಿಜ್ಞಾನಿ ಮ್ಯಾಕ್ಸ್ ಬ್ಲೂಮರ್ ಮತ್ತು ಸಂಗಡಿಗರು ತೋರಿಸಿದರು. ಅಲ್ಲಿನ ಕಲ್ವಗಳನ್ನು ತಂದು ಶುದ್ಧ ನೀರು ಹರಿಯುವ ತೊಟ್ಟಿಯಲ್ಲಿ 6 ತಿಂಗಳವರೆಗೆ ಇಟ್ಟು ನೋಡಿದಾಗಲೂ ಮಾಂಸದಲ್ಲಿ ಎಣ್ಣೆ ಉಳಿದೇ ಇತ್ತು.

ಅನಂತರ ಅದೇ ಸಂಸ್ಥೆಯಲ್ಲಿ ನಡೆದ ಪ್ರಯೋಗಗಳು ಈ ಚಿತ್ರವನ್ನು ಇನ್ನಷ್ಟು ಸ್ಪಷ್ಟಪಡಿಸಿದವು. ಶುದ್ಧ ನೀರಿಗೆ ಬಂದ ಚಿಪ್ಪುಮೀನು ಎಣ್ಣೆಯ ಬಹುಪಾಲನ್ನು ಮೊದಲ ವಾರಗಳಲ್ಲೇ ಬಿಟ್ಟುಕೊಡುತ್ತದೆ. ಆದರೆ ಕೊಬ್ಬಿನಲ್ಲಿ ಗಟ್ಟಿಯಾಗಿ ಸೇರಿಕೊಂಡ ಒಂದು ಪಾಲು ಬಹಳ ನಿಧಾನವಾಗಿ ಹೋಗುತ್ತದೆ. ಎಣ್ಣೆಯೊಡನೆ ಇದ್ದ ಕಾಲ ಹೆಚ್ಚಿದಂತೆ ಹೀಗೆ ಉಳಿಯುವ ಪಾಲೂ ಹೆಚ್ಚು.

2000ದಲ್ಲಿ, ಅಂದರೆ 30 ವರ್ಷ ಕಳೆದ ಮೇಲೆ, ಅಲ್ಲಿನ ಜವುಗು ನೆಲವನ್ನು ಅಗೆದು ನೋಡಲಾಯಿತು. ಒಂದು ಗೇಣಿನೊಳಗಿನ ಆಳದಲ್ಲಿ 1969ರ ಎಣ್ಣೆ ಇನ್ನೂ ಇತ್ತು. ಕೆಸರಿನೊಳಗೆ ಗಾಳಿಯಿಲ್ಲದ ಕಾರಣ ಎಣ್ಣೆಯನ್ನು ತಿಂದು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ಅಲ್ಲಿ ತೀರ ನಿಧಾನ. ಮುಂದಿನ ವರ್ಷಗಳಲ್ಲಿ ಶುದ್ಧ ಜಾಗದ ಪಚ್ಚಿಲೆ ಜಾತಿಯ ಜೀವಿಗಳನ್ನು ತಂದು ಅಲ್ಲಿ ನೆಟ್ಟಾಗ, ಅವು ಇತರೆಡೆಗಿಂತ ನಿಧಾನವಾಗಿ ಬೆಳೆದವು. ನೀರು ಸೋಸುವುದೂ ಕಡಿಮೆಯಾಗಿತ್ತು. ಅಲ್ಲಿನ ಸಣ್ಣ ಏಡಿಗಳು ನೇರವಾಗಿ ಬಿಲ ತೋಡದೆ, ಎಣ್ಣೆಯ ಪದರ ಸಿಕ್ಕಲ್ಲಿ ಪಕ್ಕಕ್ಕೆ ತಿರುಗುತ್ತಿದ್ದವು. ಮನುಷ್ಯ ಮರೆತ ಎಣ್ಣೆಯನ್ನು ಏಡಿ ಮರೆತಿರಲಿಲ್ಲ.

ಅದು ಚಳಿ ದೇಶ, ಇಲ್ಲಿನ ಬಿಸಿಲಿಗೆ ಎಣ್ಣೆ ಬೇಗ ಆರಿಹೋಗುತ್ತದೆ ಎಂದು ಕೆಲವರು ಹೇಳಬಹುದು. ನೀರಿನ ಮೇಲಿನ ಎಣ್ಣೆಗೆ ಆ ಮಾತು ಒಪ್ಪುತ್ತದೆ, ಕೆಸರಿಗೆ ಒಪ್ಪುವುದಿಲ್ಲ. 1986ರ ಏಪ್ರಿಲ್‌ನಲ್ಲಿ ಬಿಸಿ ದೇಶವಾದ ಪನಾಮಾದ ಕರಾವಳಿಯಲ್ಲಿ ತೈಲ ಶುದ್ಧೀಕರಣ ಕೇಂದ್ರದ ತೊಟ್ಟಿಯೊಂದು ಒಡೆದು 80 ಲಕ್ಷ ಲೀಟರಿಗೂ ಹೆಚ್ಚು ಕಚ್ಚಾ ಎಣ್ಣೆ ಕಾಂಡ್ಲಾ ವನಗಳಿಗೆ ನುಗ್ಗಿತು. ಆ ಗಿಡಗಳ ಬುಡದ ಕೆಸರಿನಿಂದ ಪ್ರತಿ ಮಳೆಗೂ ಎಣ್ಣೆ ಜಿನುಗಿ, ಬೇರಿಗೆ ಅಂಟಿದ ಕಲ್ವಗಳಲ್ಲಿ ಕನಿಷ್ಠ 5 ವರ್ಷ ಕಾಣಿಸಿಕೊಂಡಿತು.

ಸಾಬೂನು ಮದ್ದಲ್ಲ

ಎಣ್ಣೆ ಕಂಡೊಡನೆ ಸಾಬೂನು ಪುಡಿ ಚೆಲ್ಲಿ ತೊಳೆಯುವುದು ಸಹಜ ಯೋಚನೆ. ಇದರ ಫಲವನ್ನು ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿ ಅನುಭವಿಸಿದೆ. 1967ರ ಮಾರ್ಚ್ 18ರಂದು ಅಲ್ಲಿ 'ಟೊರಿ ಕ್ಯಾನಿಯನ್' ಎಂಬ ಹಡಗು ಬಂಡೆಗೆ ಬಡಿದು ಸುಮಾರು 1,19,000 ಟನ್ ಕಚ್ಚಾ ಎಣ್ಣೆ ಕಡಲಿಗೆ ಹೋಯಿತು. ದಡ ತೊಳೆಯಲು ಸುಮಾರು 10,000 ಟನ್ ಮಾರ್ಜಕ ದ್ರಾವಣ ಸುರಿಯಲಾಯಿತು. ಬಂಡೆಗೆ ಟೋಪಿಯಂತೆ ಅಂಟಿಕೊಂಡಿರುವ ಒಂಟಿ ಚಿಪ್ಪಿನ ಜೀವಿಗಳನ್ನು ಎಣ್ಣೆಗಿಂತ ಹೆಚ್ಚಾಗಿ ಈ ದ್ರಾವಣವೇ ಕೊಂದಿತು. ದ್ರಾವಣ ತಾಗದ ದಡ ಎರಡು ಮೂರು ವರ್ಷಗಳಲ್ಲಿ ಚೇತರಿಸಿಕೊಂಡರೆ, ಹೆಚ್ಚಾಗಿ ಸುರಿದ ದಡಕ್ಕೆ 10ರಿಂದ 15 ವರ್ಷ ಬೇಕಾಯಿತು.

ಈಗಿನ ದ್ರಾವಣಗಳ ವಿಷ ಆಗಿನಷ್ಟಿಲ್ಲ. ಆದರೂ ಅವು ಎಣ್ಣೆಯನ್ನು ನಾಶಮಾಡುವುದಿಲ್ಲ. ಸಣ್ಣ ಹನಿಗಳಾಗಿ ಒಡೆದು ನೀರಿನೊಳಗೆ ಬೆರೆಸುತ್ತವೆ. ಮೇಲೆ ತೇಲಿ ಹೋಗಬಹುದಾಗಿದ್ದ ಎಣ್ಣೆ ಸೋಸಿ ತಿನ್ನುವ ಜೀವಿಯ ಬಾಯಿಗೇ ಬರುತ್ತದೆ. ಆಳವಿಲ್ಲದ ಅಳಿವೆಯಲ್ಲಿ ಇದು ತಕ್ಕ ಕ್ರಮವಲ್ಲ.

ಕರ್ನಾಟಕದ ಕರಾವಳಿಯ ಸ್ಥಿತಿ

2006ರ ಮೇ 30ರಂದು 'ಓಷನ್ ಸೆರಾಯಾ' ಎಂಬ ಸರಕು ಹಡಗು ಕಾರವಾರದ ಸಮೀಪದ ದ್ವೀಪದ ಬಂಡೆಗೆ ಸಿಕ್ಕಿಕೊಂಡಿತು. ಆ ಬಂಡೆಗೆ ಇಂಗ್ಲಿಷರು ಕಲ್ವದ ಹೆಸರನ್ನೇ ಇಟ್ಟು ಆಯ್‌ಸ್ಟರ್ ರಾಕ್ ಎಂದು ಕರೆದಿದ್ದರು. ಹಡಗಿನ ಸುಮಾರು 650 ಟನ್ ಇಂಧನ ಎಣ್ಣೆ ಸೋರಲಾರಂಭಿಸಿ ಕಾರವಾರ ಮತ್ತು ದಕ್ಷಿಣ ಗೋವೆಯ ದಡಗಳಿಗೆ ತಾಗಿತು. ಮಳೆಗಾಲದ ಅಬ್ಬರದಲ್ಲಿ ಹಡಗು ಎರಡು ತುಂಡಾಯಿತು. ಮಳೆಗಾಲ ಮತ್ತು ಅದರ ಬೆನ್ನಿಗೆ ಬರುವ ತಿಂಗಳುಗಳು ಪಚ್ಚಿಲೆ ಮರಿ ಹಾಕುವ ಕಾಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಡಗಿನ ಅಪಘಾತ ಅಪರೂಪ. ಆದರೆ ಮಳೆಗಾಲಕ್ಕೆ ಮುಂಚೆ ಕಡಲಿನಿಂದ ಟಾರಿನ ಉಂಡೆಗಳು ದಡಕ್ಕೆ ಬರುವುದು ಹೊಸತಲ್ಲ. ಹಗ್ಗದ ಪಚ್ಚಿಲೆ ಬಲಿತು ಕೊಯ್ಲಿಗೆ ಬರುವುದೂ ಅದೇ ಏಪ್ರಿಲ್-ಮೇ ಹೊತ್ತಿಗೆ. ಇದಲ್ಲದೆ ಬಂದರಿನಲ್ಲಿ ದೋಣಿಯ ತಳದಲ್ಲಿ ನಿಂತ ಎಣ್ಣೆನೀರನ್ನು ಹೊರಚೆಲ್ಲುವುದು, ಇಂಜಿನ್ ಎಣ್ಣೆ ಬದಲಿಸಿ ಹಳೆಯದನ್ನು ನೀರಿಗೆ ಬಿಡುವುದು ಇವು ವರ್ಷದುದ್ದಕ್ಕೂ ನಡೆಯುವ ಸಣ್ಣ ಸೋರಿಕೆಗಳು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿದೆ. ಆ ಗೌರವ ಉಳಿಯುವುದು ಅದರ ಕೆಸರು ಶುದ್ಧವಾಗಿದ್ದರೆ ಮಾತ್ರ.

ತಿನ್ನಬಹುದೇ? ಮಾರಬಹುದೇ?

ಎಣ್ಣೆ ವಾಸನೆ ಬರುವ ಚಿಪ್ಪುಮೀನನ್ನು ತಿನ್ನಬಾರದು, ಮಾರಬಾರದು. ವಾಸನೆ ಇಲ್ಲ ಎಂದ ಮಾತ್ರಕ್ಕೆ ದೋಷವಿಲ್ಲ ಎಂದೂ ತಿಳಿಯಬಾರದು. ವಾಸನೆ ಕೊಡುವ ಹಗುರ ಅಂಶ ಬೇಗ ಹೋಗುತ್ತದೆ; ಕ್ಯಾನ್ಸರ್‌ಗೆ ಕಾರಣವಾಗಬಲ್ಲ ಭಾರದ ಅಂಶ ಉಳಿಯುತ್ತದೆ. ಇಂತಹ ವಸ್ತುಗಳಲ್ಲಿ ಮುಖ್ಯವಾದ ಬೆಂಜೊಪೈರೀನ್ ಒಂದು ಕಿಲೋಗ್ರಾಂ ಚಿಪ್ಪುಮೀನಿನಲ್ಲಿ 5 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ 2 ಲಕ್ಷದಲ್ಲಿ ಒಂದು ಪಾಲು ಮೀರಬಾರದೆಂದು ಯೂರೋಪಿನ ದೇಶಗಳು ಮಿತಿ ಹಾಕಿವೆ. ಇದನ್ನು ತಿಳಿಯಲು ಪ್ರಯೋಗಾಲಯವೇ ಬೇಕು. ಬೇಯಿಸಿದರೆ ಈ ದೋಷ ಹೋಗುವುದಿಲ್ಲ. ರೋಗಾಣುಗಳನ್ನು ತೆಗೆಯಲು ಚಿಪ್ಪುಮೀನನ್ನು ಶುದ್ಧ ನೀರಿನಲ್ಲಿ ಒಂದೆರಡು ದಿನ ಇಡುವ ಪದ್ಧತಿಯಿಂದಲೂ ಹೋಗುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಎಣ್ಣೆ ಕಂಡೊಡನೆ ಕರಾವಳಿ ರಕ್ಷಣಾ ಪಡೆಗೆ (ದೂರವಾಣಿ 1554) ಮತ್ತು ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಗೆ ತಿಳಿಸಬೇಕು.

2. ಎಣ್ಣೆ ಅಳಿವೆಗೆ ಬರುವ ಮುನ್ನ ಸಮಯವಿದ್ದರೆ ಬಲಿತ ಪಚ್ಚಿಲೆಯನ್ನು ಕೊಯ್ದುಬಿಡಬೇಕು, ಇಲ್ಲವೇ ಹಗ್ಗಗಳನ್ನು ಎಣ್ಣೆ ಬಾರದ ಜಾಗಕ್ಕೆ ಸಾಗಿಸಬೇಕು. ಎಣ್ಣೆ ತಾಗಿದ ಮೇಲೆ ಅವಸರದ ಕೊಯ್ಲು ಸಲ್ಲದು.

3. ಎಣ್ಣೆ ತಾಗಿದ ಜಾಗದಲ್ಲಿ ಚಿಪ್ಪುಮೀನು ತೆಗೆಯುವುದನ್ನು ನಿಲ್ಲಿಸಿ, ಮಾಂಸದ ಪರೀಕ್ಷೆಯ ವರದಿ ಬಂದ ಮೇಲೆಯೇ ಮತ್ತೆ ಆರಂಭಿಸಬೇಕು. 1969ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದ ತಜ್ಞರ ಸಲಹೆ ಪಡೆಯಬಹುದು.

4. ಕೆಸರನ್ನು ತುಳಿದು ಕಲಕಬಾರದು. ಮೇಲಿನ ಎಣ್ಣೆ ಒಳಗೆ ಹೂತುಹೋದರೆ ಅದನ್ನು ತೆಗೆಯುವುದು ಅಸಾಧ್ಯ. ದಡದ ಟಾರು ಉಂಡೆಗಳನ್ನು ಕೈಚೀಲ ತೊಟ್ಟು ಹೆಕ್ಕಿ ಬೇರೆಯಾಗಿಡಬೇಕು.

5. ಸಾಬೂನು, ಮಾರ್ಜಕ, ಸೀಮೆಎಣ್ಣೆ ಬಳಸಿ ಬಂಡೆ ತೊಳೆಯಬಾರದು.

6. ಸುಟ್ಟ ಎಣ್ಣೆಯನ್ನು ಡಬ್ಬಿಯಲ್ಲಿ ಕೂಡಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಬೇಕು.

7. ಬೆಳೆಯ ಆರೋಗ್ಯವನ್ನು ಮನೆಯಲ್ಲೇ ಸ್ಥೂಲವಾಗಿ ಅರಿಯಬಹುದು. ಸಂಶಯವಿರುವ ಜಾಗದಿಂದ 20, ಶುದ್ಧ ಜಾಗದಿಂದ 20 ಒಂದೇ ಗಾತ್ರದ ಪಚ್ಚಿಲೆ ತಂದು, ಒದ್ದೆ ಗೋಣಿಯ ಕೆಳಗೆ ನೆರಳಿನಲ್ಲಿ ಬೇರೆ ಬೇರೆ ಇಟ್ಟು, ದಿನಕ್ಕೆ ಎಷ್ಟು ಸಾಯುತ್ತವೆ ಎಂದು ಎಣಿಸಬೇಕು. ಸೊರಗಿದವು ಬೇಗ ಸಾಯುತ್ತವೆ. ಇದರಿಂದ ಬೆಳೆಯ ಶಕ್ತಿ ತಿಳಿಯುತ್ತದೆಯೇ ಹೊರತು ತಿನ್ನಲು ಯೋಗ್ಯವೇ ಎಂಬುದು ತಿಳಿಯುವುದಿಲ್ಲ.

ಕೊನೆಯ ಒಂದು ಮಾತು ಲೆಕ್ಕದ್ದು. 2007ರ ಡಿಸೆಂಬರ್ 7ರಂದು ದಕ್ಷಿಣ ಕೊರಿಯದ ತೇಆನ್ ಕರಾವಳಿಯಲ್ಲಿ 'ಹೆಬೆಯ್ ಸ್ಪಿರಿಟ್' ಹಡಗಿನಿಂದ ಸುಮಾರು 10,900 ಟನ್ ಎಣ್ಣೆ ಚೆಲ್ಲಿ ಕಲ್ವದ ತೋಟಗಳು ಹಾಳಾದವು. ಅಂತರರಾಷ್ಟ್ರೀಯ ಪರಿಹಾರ ನಿಧಿಯ ಮುಂದೆ 1 ಲಕ್ಷ 27 ಸಾವಿರಕ್ಕೂ ಹೆಚ್ಚು ಬೇಡಿಕೆಗಳು ಬಂದವು. ಬರಿಗೈಯಲ್ಲಿ ಚಿಪ್ಪು ಹೆಕ್ಕುತ್ತಿದ್ದವರೂ ಅವರಲ್ಲಿದ್ದರು. ದಿನದ ಸಂಪಾದನೆಗೆ ಪುರಾವೆ ತೋರಿಸಲಾಗದೆ ಅನೇಕರ ಬೇಡಿಕೆ ಬಿದ್ದುಹೋಯಿತು. ಎಣ್ಣೆ ಸಾಗಿಸುವ ಟ್ಯಾಂಕರ್ ಹಡಗುಗಳಿಂದಾಗುವ ಹಾನಿಗೆ ಪರಿಹಾರ ಕೊಡುವ ಈ ನಿಧಿಯ ವ್ಯವಸ್ಥೆಗೆ ಭಾರತವೂ ಸೇರಿದೆ. ಆದರೆ ಯಾವ ಹಡಗಿನಿಂದ ಹಾನಿಯಾದರೂ, ಯಾರ ಮುಂದೆ ಕೇಳಿದರೂ ಮೊದಲು ಬರುವ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ತೆಗೆಯುತ್ತಿದ್ದಿರಿ, ಎಷ್ಟಕ್ಕೆ ಮಾರುತ್ತಿದ್ದಿರಿ?

ಇಲ್ಲಿ ಮರುವಾಯಿ ಹೆಕ್ಕುವವರಲ್ಲಿ ಹೆಂಗಸರೇ ಹೆಚ್ಚು. ಅವರ ದುಡಿಮೆ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಶಾಲೆಗೆ ಹೋಗುವ ಮಕ್ಕಳಿಂದಲಾದರೂ ದಿನದ ಬುಟ್ಟಿಯ ತೂಕ, ಮಾರಿದ ಬೆಲೆ, ತಾರೀಖು ಇಷ್ಟನ್ನು ಒಂದು ನೋಟುಪುಸ್ತಕದಲ್ಲಿ ಬರೆಸಿಡುವುದು ಕಷ್ಟವಲ್ಲ. ಎಣ್ಣೆ ಬಂದ ದಿನ ಆ ಪುಸ್ತಕ ಅವರ ಪರವಾಗಿ ಮಾತನಾಡುತ್ತದೆ. ಎಣ್ಣೆ ಬಾರದಿದ್ದರೂ ನಷ್ಟವಿಲ್ಲ. ಯಾವ ತಿಂಗಳು ಬೆಳೆ ಹೆಚ್ಚು, ಯಾವ ವರ್ಷ ಕಡಿಮೆ ಎಂಬುದು ಅದರಲ್ಲೇ ತಿಳಿಯುತ್ತದೆ. ಅಳಿವೆಯ ಆರೋಗ್ಯದ ಲೆಕ್ಕವೂ ಅದೇ.